ಅಗೆ ಮಡಿಯಲ್ಲೇ ಸಿಕ್ಕಿದ ಬೇರುಗಂಟು: ನನ್ನ ಅನುಭವ

ಕೊಡಗಿನ ಪೊನ್ನಂಪೇಟೆ ಕಡೆಯ ನಮ್ಮ ಎರಡು ಎಕರೆ ಗದ್ದೆಯಲ್ಲಿ ಪೈರು ಹಳದಿಯಾಗಿ, ಅಲ್ಲಲ್ಲಿ ತೇಪೆ ಹಾಕಿದಂತೆ ಕುಳ್ಳಾಗಿ ನಿಂತಾಗ ಪಕ್ಕದ ಗದ್ದೆಯ ಹಿರಿಯರು, "ಹುಳ ಅಲ್ಲ ಮಗಾ, ಸತು ಕಮ್ಮಿಯಾಗಿದೆ" ಎಂದರು. ಮೊದಲ ವರ್ಷ ಸತುವಿನ ಸಲ್ಫೇಟ್ ಹಾಕಿದೆ, ಮರುವರ್ಷ ಯೂರಿಯಾ ಹೆಚ್ಚಿಸಿದೆ, ಮೂರನೆಯ ವರ್ಷ ಅಂಗಡಿಯವರ ಮಾತು ಕೇಳಿ ನಾಟಿಯ ನಂತರ ಹರಳು ಔಷಧಿ ಎರಚಿದೆ. ಒಟ್ಟು 11-12 ಸಾವಿರ ರೂಪಾಯಿ ಕೈಬಿಟ್ಟಿತು; ಎಕರೆಗೆ 18 ಕ್ವಿಂಟಾಲ್ ಬರುತ್ತಿದ್ದ ಭತ್ತ 11ಕ್ಕೆ ಇಳಿಯಿತು.

ನಾಟಿಯ ಹಿಂದಿನ ದಿನ ಕಿತ್ತ ಅಗೆಯ (ಭತ್ತದ ಸಸಿಯ) ಒಂದು ಕಟ್ಟನ್ನು ತೋಡಿನಲ್ಲಿ ತೊಳೆದು ಬಿಳಿ ತಟ್ಟೆಯಲ್ಲಿ ಹರಡಿದಾಗ ವಿಷಯ ತಿಳಿಯಿತು. ಬೇರಿನ ತುದಿಗಳು ಕೊಕ್ಕೆಯಂತೆ ಬಾಗಿ ಊದಿಕೊಂಡಿದ್ದವು. ಇದು ಬೇರಿನೊಳಗೆ ಸೇರಿ ಗಂಟು ಕಟ್ಟಿಸುವ ಸೂಕ್ಷ್ಮ ಹುಳ, ಭತ್ತದ ಬೇರುಗಂಟು ಜಂತುಹುಳು, ಮೆಲಾಯ್ಡೊಗೈನ್ ಗ್ರಾಮಿನಿಕೋಲಾ. ತೋಟದ ಕರಿಮೆಣಸಿನಿಂದ ಇಳಿದು ಬಂದಿದೆ ಎಂದು ಹಲವರು ವಾದಿಸಿದರೂ ಮೆಣಸಿನ ಬೇರನ್ನು ಕಾಡುವ ಜಂತುಹುಳುಗಳು ಬೇರೆಯವು. ಇದು ಮುಖ್ಯವಾಗಿ ಭತ್ತ ಮತ್ತು ಹುಲ್ಲಿನ ಜಾತಿಯ ಗಿಡಗಳನ್ನು ಹಿಡಿಯುತ್ತದೆ. ರಾಜಸ್ಥಾನ, ಹರಿಯಾಣಗಳ ಮರಳುನೆಲದಲ್ಲಿ ಗೋಧಿ, ಬಾರ್ಲಿಯನ್ನು ಕೆಡಿಸುವ ಮೋಲ್ಯಾ ರೋಗದ ಹುಳವೂ ಇದಲ್ಲ. ನಮ್ಮ ರಾಜ್ಯದಲ್ಲಿ 2001ರಲ್ಲಿ ಮಂಡ್ಯದ ಭತ್ತದಲ್ಲಿ ಜೋರಾಗಿ ಕಾಣಿಸಿಕೊಂಡದ್ದು ಇದೇ.

ಗದ್ದೆಯಲ್ಲಿ ನೀರು ನಿಂತಿರುವವರೆಗೆ ಮರಿಹುಳುಗಳು ಹೊಸ ಬೇರನ್ನು ಹೊಗಲಾರವು, ಆದರೆ ಅಗೆ ಬೆಳೆಸುವ ಒಣ ಮಡಿಯಲ್ಲೇ ಬೇರಿನೊಳಗೆ ಸೇರಿದವು ಅಗೆಯ ಜೊತೆಯಲ್ಲೇ ಗದ್ದೆಗೆ ಬಂದು ಅಲ್ಲಿಯೂ ಹೆಚ್ಚುತ್ತವೆ. ನಾಟಿಯ ನಂತರ ಎರಚಿದ ಹರಳು ವ್ಯರ್ಥವಾದದ್ದು ಇದರಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಮಡಿಯ ಮಣ್ಣನ್ನೇ ಬಿಸಿಲಿಗೆ ಬೇಯಿಸಲು ಹೊರಟೆ. ಮೊದಲ ಸಲ ಮನೆಯಲ್ಲಿದ್ದ ಕಪ್ಪು ಹಾಳೆಯನ್ನು ಮೇ ತಿಂಗಳಲ್ಲಿ ಹೊದಿಸಿದ್ದು ಎರಡು ತಪ್ಪು: ಹಾಳೆಯ ಕೆಳಗೆ ಮಣ್ಣು ಸಾಕಷ್ಟು ಕಾಯಲಿಲ್ಲ, ಮೋಡವೂ ಕವಿಯಿತು. ಮರುವರ್ಷ 20 ಸೆಂಟು ಮಡಿಗೆ ತೆಳುವಾದ ಪಾರದರ್ಶಕ ಹಾಳೆ ತಂದೆ, ಸುಮಾರು 20 ಕಿಲೋ, ಮೂರೂವರೆ ಸಾವಿರ ರೂಪಾಯಿ ಆಗಿರಬೇಕು. ಫೆಬ್ರವರಿ ಕೊನೆಯಲ್ಲಿ ಮಡಿಯನ್ನು ನುಣ್ಣಗೆ ಉತ್ತು, ಚೆನ್ನಾಗಿ ನೀರು ಹಾಯಿಸಿ, ಅಂಚುಗಳನ್ನು ಮಣ್ಣಿನಿಂದ ಬಿಗಿದು 5 ವಾರ ಬಿಟ್ಟೆ. ಕಾಫಿ ಹೂಮಳೆ ಬಿದ್ದ ದಿನ ಹಾಳೆಯ ಮೇಲೆ ನಿಂತ ನೀರನ್ನು ಕೂಡಲೇ ತಳ್ಳಿದೆ. ಬೀಜಕ್ಕೆ ಸ್ಯೂಡೋಮೊನಾಸ್ ಎಂಬ ಉಪಕಾರಿ ಸೂಕ್ಷ್ಮಾಣುವನ್ನು ಹಚ್ಚಿ, ಮೊಳಕೆ ಎದ್ದ ಮೇಲೆ ಮಡಿಯಲ್ಲಿ ನೀರು ನಿಲ್ಲಿಸಿದೆ. ಎಷ್ಟನೇ ದಿನದಿಂದ, ಎಷ್ಟು ಎತ್ತರಕ್ಕೆ ಎಂಬ ಲೆಕ್ಕ ಸದ್ಯ ನನ್ನ ಬಳಿಯೇ ಇರಲಿ.

ಆ ವರ್ಷ ನೂರು ಅಗೆ ತೊಳೆದರೆ ಗಂಟು ಕಂಡದ್ದು ನಾಲ್ಕೈದರಲ್ಲಿ. ಹುತ್ತರಿಯ ನಂತರ ಒಕ್ಕಿದಾಗ ಎಕರೆಗೆ 19 ಕ್ವಿಂಟಾಲ್ ಮೀರಿತು. ಸುತ್ತಲಿನ ಗದ್ದೆಗಳಲ್ಲಿ ಯಾರಿಗೂ ಅಷ್ಟು ಬರಲಿಲ್ಲ.

ಒಂದು ಮೂಲೆಯಲ್ಲಿ ಚೆಂಡು ಹೂ ಬೆಳೆದು ಮಣ್ಣಿಗೆ ಸೇರಿಸಿ ನೋಡಿದೆ, ಗಂಟು ಕಡಿಮೆಯಾದರೂ ದನ ನುಗ್ಗಿದ್ದರಿಂದ ಖಚಿತವಾಗಿ ಹೇಳಲಾರೆ. ಹಸಿ ಕಾಫಿ ಸಿಪ್ಪೆ ಹಾಕಿದ ಮಡಿಯಲ್ಲಂತೂ ಅಗೆಯೇ ಸುಟ್ಟುಹೋಯಿತು.

ಈಗ ಸತು ಕಮ್ಮಿ ಎಂದಿದ್ದ ಅದೇ ಹಿರಿಯರ ಗದ್ದೆಯ ಮಣ್ಣನ್ನು ಮೂರು ಕುಂಡಗಳಲ್ಲಿ ತುಂಬಿ, ಭತ್ತ ಬಿತ್ತಿ, ನಮ್ಮ ಜಗುಲಿಯಲ್ಲಿ ಇಟ್ಟಿದ್ದೇನೆ. ಇನ್ನು 12 ದಿನಕ್ಕೆ ಕಿತ್ತು ಬೇರು ತೊಳೆಯಬೇಕು.