ನವೆಂಬರ್‌ನಲ್ಲಿ ತಪ್ಪಿಹೋದ ಕಾಲ್

ಗೆಳತಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ, ನಾನು ಮೈಸೂರಿನಲ್ಲಿ. ಭಾನುವಾರ ಬೆಳಿಗ್ಗೆ 8.30ಕ್ಕೆ ಅಲಾರಂ ಹೊಡೆದ ಕೂಡಲೇ ಕಾಫಿ ಲೋಟ ಹಿಡಿದು ವಿಡಿಯೊ ಕಾಲ್ ಮಾಡುತ್ತಿದ್ದೆ. ಅವಳಿಗೆ ಆಗ ಶನಿವಾರ ರಾತ್ರಿ 8. ನವೆಂಬರ್ ಬಂತು, ಎರಡು ವಾರ ಅವಳು ಫೋನ್ ಎತ್ತಲೇ ಇಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಯಿತು, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಾನು ಕಾಲ್ ಮಾಡಿದಾಗ ಅವಳಿಗೆ ಇನ್ನೂ 7 ಗಂಟೆ, ಮಗುವಿಗೆ ಊಟ ಮಾಡಿಸುವ ಹೊತ್ತು.

ಅಲಾರಂ ತೆಗೆದುಹಾಕಿದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿ ಶನಿವಾರ ರಾತ್ರಿ 8 ಅಂತ ಹಾಕಿ, ಟೈಮ್ ಝೋನ್ ಲಾಸ್ ಏಂಜಲೀಸ್ ಆರಿಸಿದೆ, ಅವಳ ಊರಿನ ಸಮಯವೂ ಅದೇ. ಅಷ್ಟೇ. ಈಗ ಚಳಿಗಾಲದಲ್ಲಿ ಫೋನ್ ತಾನಾಗಿಯೇ 9.30ಕ್ಕೆ ನೆನಪಿಸುತ್ತದೆ, ಮಾರ್ಚ್‌ನಲ್ಲಿ ಮತ್ತೆ 8.30ಕ್ಕೆ.

ಮೊನ್ನೆ ಮೊದಲ ರಿಂಗಿಗೇ ಎತ್ತಿದಳು. ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಒಂದು ಗಂಟೆ ಪಿಸುಮಾತಿನಲ್ಲೇ ಹರಟಿದೆವು.