ಹುಣಸೋಡಿನ ಮರುದಿನ ನಾನು ಮಾಡಿದ ಪಾಠ

2021ರ ಜನವರಿ 21, ರಾತ್ರಿ ಹತ್ತೂಕಾಲು ಕಳೆದಿತ್ತು. ಮಂಚ ಅಲುಗಿತು, ಅಡುಗೆಮನೆಯ ಪಾತ್ರೆಗಳು ಗಲಗಲ ಅಂದವು, ಆಮೇಲೆ ಬಂತು ಸದ್ದು. ಭೂಕಂಪ ಅಂದುಕೊಂಡು ಶಿವಮೊಗ್ಗದ ನಮ್ಮ ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಹುಣಸೋಡಿನ ಕಲ್ಲು ಕ್ರಷರ್ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಿದ್ದಾರೆ ಅನ್ನುವುದು ಆಮೇಲೆ ತಿಳಿಯಿತು.

ಮರುದಿನ ಹತ್ತನೇ ಕ್ಲಾಸಿನಲ್ಲಿ ನಡೆಯುತ್ತಿದ್ದ ಪಾಠ ಬದಿಗಿಟ್ಟು, ಆಘಾತ ತರಂಗ ಅಂದರೇನು ಅಂತ ತೋರಿಸಲು ಹೊರಟೆ. ಕೊರೊನಾ ಕಾಲ, ಮಕ್ಕಳು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಜಗಲಿಯಲ್ಲಿ ದೂರ ದೂರ ಸಾಲಾಗಿ ನಿಲ್ಲಿಸಿದೆ. ಹಿಂದಿನವರು ‘ಬಂತು’ ಅಂದ ಮೇಲೆ ಮುಂದಿನವರು ಹೇಳಬೇಕು. ಮಾತು ತನ್ನ ಪಾಡಿಗೆ ಸಾಲಿನ ತುದಿ ಮುಟ್ಟಿತು. ಎರಡನೇ ಸಲ ಒಬ್ಬ ಹುಡುಗನನ್ನು ಪಕ್ಕದಲ್ಲೇ ಓಡಿಸಿದೆ. ‘ಬಂತು’ ತಲುಪುವ ಮೊದಲೇ ಅವನು ದಾಟಿ ಹೋದ. ಎಲ್ಲರೂ ಬೆಚ್ಚಿದರು. ಗಾಳಿಯ ಕಥೆಯೂ ಇದೇ ಅಂದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸ್ಫೋಟದ ಸಮೀಪ ಒತ್ತಡದ ಅಲೆ ಅದನ್ನೂ ಮೀರಿ ಓಡುತ್ತದೆ. ಮುಂದಿರುವ ಗಾಳಿಗೆ ಸುಳಿವೇ ಸಿಗುವುದಿಲ್ಲ. ಅಲ್ಲಿ ಒತ್ತಡ ಮೆಲ್ಲಗೆ ಏರದೆ ಒಮ್ಮೆಲೇ ಜಿಗಿಯುತ್ತದೆ. ಇದೇ ಆಘಾತ ತರಂಗ. ದೂರ ಹೋದಂತೆ ಸೊರಗಿ ಬರೀ ಸದ್ದಾಗುತ್ತದೆ. ಮಂಚ ಮೊದಲು ಅಲುಗಿದ್ದೇಕೆ ಅಂದರೆ, ನೆಲದೊಳಗಿನ ಕಂಪನ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುತ್ತದೆ.

‘ಸುದ್ದಿ ಕೇಳಿ ಆಘಾತ ಅಂತ ಪೇಪರಿನವರು ಬರೆಯುವುದು ಬರೀ ಅಲಂಕಾರ’ ಅಂತಲೂ ಅಂದುಬಿಟ್ಟೆ. ಅದು ತಪ್ಪು. ಆಘಾತ ಅಂದರೇ ಹೊಡೆತ. ‘ಬರಸಿಡಿಲು ಬಡಿದಂತಾಯಿತು’ ಅನ್ನುತ್ತೇವಲ್ಲ, ಆ ಸಿಡಿಲೂ ನಿಜವಾದ ಆಘಾತ ತರಂಗವೇ: ಮಿಂಚಿನ ದಾರಿಯ ಗಾಳಿ ಕ್ಷಣದಲ್ಲಿ ಕಾದು ಹಿಗ್ಗಿ, ಸುತ್ತಲಿನ ಗಾಳಿಯನ್ನು ಬಡಿಯುತ್ತದೆ. ನನ್ನ ಮಟ್ಟಿಗೆ ಅಳತೆ ಒಂದೇ, ಮುನ್ಸುದ್ದಿ ಇತ್ತೋ ಇಲ್ಲವೋ. ಅಡಿಕೆ ಧಾರಣೆ ದಿನಾ ಇಷ್ಟಿಷ್ಟೇ ಇಳಿದರೆ ಅದು ಕಷ್ಟ, ಆಘಾತವಲ್ಲ. ಆ ರಾತ್ರಿ ಕಾರ್ಮಿಕರ ಮನೆಗಳಿಗೆ ಹೋದ ಫೋನ್ ಆಘಾತ.

ಇದು ನನಗೆ ಹೊಳೆದದ್ದು ಒಬ್ಬ ಹುಡುಗಿಯಿಂದ. ‘ಸರ್, ಬಾಗಿಲು ಜೋರಾಗಿ ಬಡಿದ್ರೂ ಅಮ್ಮಂಗೆ ಎದೆ ಧಸಕ್ ಅನ್ನತ್ತೆ’ ಅಂದಳು. ಗಾಳಿಯಲ್ಲಿ ಅಡಗಿಹೋದ ಆ ರಾತ್ರಿಯ ಹೊಡೆತ ಅವಳ ಮನೆಯಲ್ಲಿ ಅಡಗಿರಲಿಲ್ಲ. ಗುಡುಗಿಗಾದರೂ ಮುನ್ಸುದ್ದಿ ಸಿಗಲಿ ಅಂತ, ಮಿಂಚು ಕಂಡೊಡನೆ ಅಮ್ಮನಿಗೆ ಎಣಿಸೋಕೆ ಹೇಳು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಅಂತ ಹೇಳಿಕೊಟ್ಟೆ.

ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಗುಡುಗಿದ ಮಾರನೇ ದಿನ ಬಂದು ಹೇಳಿದಳು: ‘ಅಮ್ಮ ಕೂತು ಎಣಿಸಿದ್ರು ಸರ್. ಹನ್ನೆರಡರವರೆಗೆ ಬಂತು.’