ಶ್ವಾಸಕೋಶದಲ್ಲಿ ಪುಟ್ಟ ಗಂಟು ಕಂಡಾಗ ನಾನು ಏನೇನು ನೋಡುತ್ತೇನೆ

ಎದೆಯ ಸಿಟಿ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ದಾವಣಗೆರೆಯಂಥ ಊರಿನಲ್ಲಿ ರೇಡಿಯಾಲಜಿಸ್ಟ್ ಅಂದರೆ ಕತ್ತಲೆ ರೂಮಿನಲ್ಲಿ ಕೂತವನು, ರೋಗಿಯ ಮುಖವನ್ನೇ ನೋಡದವನು ಎಂಬ ಮಾತಿದೆ. ಅದು ಸುಳ್ಳೇನೂ ಅಲ್ಲ. ಆದರೆ 2020–21ರ ಕೋವಿಡ್ ಕಾಲದಲ್ಲಿ ಸ್ವಲ್ಪ ಬದಲಾಯಿತು. ಕೆಮ್ಮಿದವರೆಲ್ಲ ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ, ಮಾಡಿಸಿಕೊಂಡರು. ಕೋವಿಡ್ ಶ್ವಾಸಕೋಶವನ್ನು ಎಷ್ಟು ಆವರಿಸಿದೆ ಎನ್ನುವ ಸ್ಕೋರ್ ನೋಡಲು ಮಾಡಿದ ಸ್ಕ್ಯಾನಿನಲ್ಲಿ, ಯಾರೂ ಹುಡುಕದೇ ಇದ್ದ ಇನ್ನೊಂದು ಸಿಕ್ಕಿತು. ‘ಬಲ ಶ್ವಾಸಕೋಶದಲ್ಲಿ 5 ಮಿ.ಮೀ. ನಾಡ್ಯೂಲ್.’ ನಾಡ್ಯೂಲ್ ಅಂದರೆ ಪುಟ್ಟ ಗಂಟು. ಕೋವಿಡ್ ವಾಸಿಯಾಯಿತು. ಆ ಒಂದು ಸಾಲು ಮಾತ್ರ ಮನೆಯವರ ತಲೆಯಲ್ಲಿ ಕೂತುಬಿಟ್ಟಿತು. ಫೈಲ್ ಹಿಡಿದುಕೊಂಡು ನನ್ನ ಬಾಗಿಲಿಗೇ ಬರತೊಡಗಿದರು. “ಡಾಕ್ಟ್ರೇ, ಇದು ಅದೇನಾ?” ಅದು ಅಂದರೆ ಕ್ಯಾನ್ಸರ್. ಹೆಸರು ಹಿಡಿದು ಕೇಳುವವರು ಕಡಿಮೆ.

ಈಗ ಕೋವಿಡ್ ಗದ್ದಲ ಇಲ್ಲ, ಹೆಲ್ತ್ ಚೆಕಪ್ ಪ್ಯಾಕೇಜ್ ಇದೆ. ಬಿದ್ದು ಪಕ್ಕೆ ನೋವಾದರೂ ಸಿಟಿ, ಆಪರೇಷನ್‌ಗೆ ಮುಂಚೆಯೂ ಸಿಟಿ. ಗಂಟುಗಳು ಸಿಗುತ್ತಲೇ ಇವೆ.

ಬಂದವರಿಗೆ ನಾನು ಮೊದಲು ಅಳತೆ ಹೇಳುತ್ತೇನೆ. 3 ಸೆಂಟಿಮೀಟರ್ ಒಳಗಿನ ದುಂಡನೆಯ ಕಲೆಗೆ ನಾವು ನಾಡ್ಯೂಲ್ ಅನ್ನುತ್ತೇವೆ. ಅದಕ್ಕಿಂತ ದೊಡ್ಡದಾದರೆ ಅದರ ದಾರಿಯೇ ಬೇರೆ, ಅಲ್ಲಿ ಕಾಯುವ ಮಾತಿಲ್ಲ. ಆದರೆ ಸುಮ್ನೆ ಸಿಕ್ಕಿಬಿದ್ದ ಗಂಟುಗಳಲ್ಲಿ ಹೆಚ್ಚಿನವು ಮೆಣಸಿನ ಕಾಳಿನಷ್ಟು ಇರುತ್ತವೆ. 6 ಮಿ.ಮೀ.ಗಿಂತ ಚಿಕ್ಕ ಗಟ್ಟಿ ಗಂಟು (ಸ್ಕ್ಯಾನಿನಲ್ಲಿ ಮಸುಕಾಗದೆ ಪೂರ್ತಿ ಬೆಳ್ಳಗೆ ಕಾಣುವಂಥದ್ದು) ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಮೆರಿಕದಲ್ಲಿ ಜಾಸ್ತಿ ಸಿಗರೇಟು ಸೇದಿದ ಐವತ್ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದರು. ಅದರ ಫಲಿತಾಂಶ 2011ರಲ್ಲಿ ಬಂತು. ಅರ್ಧ ಜನರಿಗೆ ಎಕ್ಸ್‌ರೇ, ಅರ್ಧ ಜನರಿಗೆ ಕಡಿಮೆ ಡೋಸಿನ ಸಿಟಿ. ಸಿಟಿ ಮಾಡಿದಾಗ ನೂರು ಸ್ಕ್ಯಾನಿನಲ್ಲಿ ಸುಮಾರು 24ರಲ್ಲಿ ಅನುಮಾನದ್ದು ಏನೋ ಕಂಡಿತು. ಹಾಗೆ ಕಂಡದ್ದರಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಅವರು ಭಾರೀ ಸಿಗರೇಟು ಸೇದಿದವರು ಅನ್ನುವುದನ್ನು ಮರೆಯಬೇಡಿ. ಹಾಗಂತ ಆ ಸಿಟಿ ದಂಡ ಅಂತಲೂ ಅಲ್ಲ. ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 20ರಷ್ಟು ಕಡಿಮೆ.

ಇನ್ನು ಪರದೆಯ ಮುಂದೆ ನಾನು ಮಾಡುವುದೇನು ಅಂತ ಹೇಳುತ್ತೇನೆ. ಒಂದು ಎದೆಯ ಸಿಟಿಯಲ್ಲಿ ಒಂದೊಂದು ಮಿಲಿಮೀಟರ್ ದಪ್ಪದ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿರುತ್ತವೆ. ಮೌಸ್ ಚಕ್ರ ತಿರುಗಿಸುತ್ತಾ ಮೇಲಿನಿಂದ ಕೆಳಕ್ಕೆ ಇಳಿಯುತ್ತೇನೆ. ಶ್ವಾಸಕೋಶದ ತುಂಬಾ ರಕ್ತನಾಳಗಳು. ಅಡ್ಡ ಕೊಯ್ದಾಗ ಪ್ರತಿಯೊಂದೂ ಬಿಳಿ ಚುಕ್ಕೆಯ ಹಾಗೇ ಕಾಣುತ್ತದೆ. ರಕ್ತನಾಳವಾದರೆ ಮುಂದಿನ ಚಿತ್ರದಲ್ಲೂ ಇರುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದು ಮುಂದುವರಿಯುತ್ತದೆ. ಗಂಟು ಹಾಗಲ್ಲ. ಇದ್ದಕ್ಕಿದ್ದ ಹಾಗೆ ಹುಟ್ಟುತ್ತದೆ, ನಾಲ್ಕೈದು ಚಿತ್ರ ಕಾಣಿಸುತ್ತದೆ, ಮಾಯವಾಗುತ್ತದೆ. ಅಲ್ಲಿ ನಿಲ್ಲುತ್ತೇನೆ. ಉದ್ದ ಅಳೆಯುತ್ತೇನೆ, ಅದಕ್ಕೆ ಅಡ್ಡಲಾಗಿ ಅಗಲ ಅಳೆಯುತ್ತೇನೆ, ಎರಡರ ಸರಾಸರಿ ತೆಗೆದು ಪೂರ್ಣ ಮಿಲಿಮೀಟರಿಗೆ ಬರೆಯುತ್ತೇನೆ. 5.4 ಎಂದು ಬರೆದರೆ ನೋಡಲು ಚೆಂದ, ಆದರೆ ಅಷ್ಟು ನಿಖರತೆ ಆ ಅಳತೆಗೆ ಇಲ್ಲ. ನಾನೇ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದರೂ ಒಂದು ಮಿಲಿಮೀಟರ್ ಆಚೀಚೆ ಆಗಬಹುದು. ಅದಕ್ಕೇ ಕನಿಷ್ಠ 2 ಮಿ.ಮೀ. ಬದಲಾಗದೆ ‘ಬೆಳೆದಿದೆ’ ಎಂದು ನಾನು ಬರೆಯುವುದಿಲ್ಲ. “ಹೋದ ಸಲ 5 ಇತ್ತು, ಈಗ 6 ಆಗಿದೆ ಸರ್” ಎಂದು ಗಾಬರಿಯಾಗಿ ಬರುವವರಿಗೆ ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಅವರ ಕಣ್ಣಿಗೇ ಗೊತ್ತಾಗುತ್ತದೆ.

ಅಳತೆಯಾದ ಮೇಲೆ ಅಂಚು, ಜಾಗ, ಒಳಗಿನ ಬಣ್ಣ. ಅಂಚು ನುಣ್ಣಗಿದ್ದರೆ ಸಮಾಧಾನ. ಸುತ್ತ ಮುಳ್ಳು ಎದ್ದಂತಿದ್ದರೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಮೇಲಿನ ಭಾಗದಲ್ಲಿದ್ದರೆ ಅನುಮಾನ ಸ್ವಲ್ಪ ಹೆಚ್ಚು. ಶ್ವಾಸಕೋಶದ ಎರಡು ಭಾಗಗಳ ನಡುವಿನ ಸೀಳಿಗೆ ಅಂಟಿಕೊಂಡು, ಚಪ್ಪಟೆಯಾಗಿ, ತ್ರಿಕೋನದ ಹಾಗಿದ್ದರೆ ಅದು ಸಾಮಾನ್ಯವಾಗಿ ಅಲ್ಲೇ ಇರುವ ಪುಟ್ಟ ದುಗ್ಧಗ್ರಂಥಿ (ಲಿಂಫ್ ನೋಡ್). ಏನೂ ಮಾಡಬೇಕಿಲ್ಲ. ಗಂಟಿನ ನಡುವೆ ಅಥವಾ ಪೂರ್ತಿ ಸುಣ್ಣ ಕಟ್ಟಿದ್ದರೆ ಹಳೇ ಸೋಂಕಿನ ಗುರುತು. ಒಳಗೆ ಕೊಬ್ಬು ಸಿಕ್ಕರೆ ಹಮಾರ್ಟೋಮಾ ಎನ್ನುವ ನಿರುಪದ್ರವಿ ಗಂಟು. ಇಷ್ಟನ್ನು ನೋಡಿಯೇ ಎಷ್ಟೋ ಜನರ ಫೈಲ್ ಅಲ್ಲೇ ಮುಚ್ಚಿಬಿಡಬಹುದು.

ಮುಚ್ಚಲಾಗದ ಫೈಲಿಗೆ ನಾನು ಕೇಳುವುದು ಒಂದೇ: ಹಳೇ ಸ್ಕ್ಯಾನ್ ಇದೆಯಾ? ಹೊಸ ಪರೀಕ್ಷೆ ಎಷ್ಟೇ ದುಬಾರಿಯದಾಗಿರಲಿ, ಹಳೇ ಸ್ಕ್ಯಾನ್ ಹೇಳುವಷ್ಟು ಅದು ಹೇಳುವುದಿಲ್ಲ. ಹರಿಹರದ ಕಡೆಯ ಯಜಮಾನರೊಬ್ಬರು ಬಂದಿದ್ದರು. ಬೀಡಿ ಸೇದುವವರು, ಅರವತ್ತು ದಾಟಿದವರು. ಎಡಗಡೆ ಕೆಳಗಿನ ಭಾಗದಲ್ಲಿ 9 ಮಿ.ಮೀ. ಗಟ್ಟಿ ಗಂಟು. ವಯಸ್ಸು, ಬೀಡಿ, ಅಳತೆ ಎಲ್ಲವೂ ಅವರಿಗೆ ವಿರುದ್ಧವೇ. ಮಗ ಪಟ್ಟು ಹಿಡಿದ. “ಅಪ್ಪಾಜಿಗೆ ಈಗ್ಲೇ ಬಯಾಪ್ಸಿ ಮಾಡಿಸಿಬಿಡೋಣ ಸರ್.” ಬಯಾಪ್ಸಿ ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ಹಿಂದೆ ಯಾವತ್ತಾದರೂ ಎದೆಯ ಸ್ಕ್ಯಾನ್ ಮಾಡಿಸಿದ್ದೀರಾ ಅಂದೆ. ಇಲ್ಲ. ಹೊಟ್ಟೆಯದು? ಯಜಮಾನರು ತಾವೇ ನೆನಪಿಸಿಕೊಂಡರು, “ಕಿಡ್ನಿ ಸ್ಟೋನ್ ಆದಾಗ ಒಂದು ಮಾಡ್ಸಿದ್ವಲ್ಲ, ಬೀರುವಿನಲ್ಲಿದೆ.” ಹೊಟ್ಟೆಯ ಸಿಟಿ ಎದೆಯ ಕೆಳಭಾಗದಿಂದಲೇ ಶುರುವಾಗುತ್ತದೆ. ಮೊದಲ ಇಪ್ಪತ್ತು ಮೂವತ್ತು ಚಿತ್ರಗಳಲ್ಲಿ ಶ್ವಾಸಕೋಶದ ತಳ ಸಿಕ್ಕಿರುತ್ತದೆ. ಮಾರನೇ ದಿನ ಮಗ ಸಿಡಿ ತಂದ. ನಾಲ್ಕು ವರ್ಷದ ಹಿಂದಿನ ಸ್ಕ್ಯಾನ್. ಅದೇ ಜಾಗದಲ್ಲಿ ಅದೇ ಗಂಟು, ಅದೇ 9 ಮಿ.ಮೀ. ಬಯಾಪ್ಸಿಯ ಮಾತು ಅಲ್ಲಿಗೇ ಮುಗಿಯಿತು. ಬೀಡಿಯ ಮಾತು ಮಾತ್ರ ಇನ್ನೂ ಮುಗಿದಿಲ್ಲ.

ಇಲ್ಲಿ ಲೆಕ್ಕ ಸರಳ. ಗಟ್ಟಿ ಗಂಟು ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ 400 ದಿನದೊಳಗೆ ಅದರ ಗಾತ್ರ (ಅಡ್ಡಳತೆ ಅಲ್ಲ, ಘನ ಅಳತೆ) ಎರಡರಷ್ಟಾಗುತ್ತದೆ. ಗಾತ್ರ ಎರಡರಷ್ಟಾಗಲು ಅಡ್ಡಳತೆ ಕಾಲು ಭಾಗ ಹೆಚ್ಚಿದರೆ ಸಾಕು. 8 ಮಿ.ಮೀ. ಇದ್ದದ್ದು 10 ಆಯಿತು ಅಂದರೆ ಗಂಟು ದುಪ್ಪಟ್ಟಾಯಿತು ಅಂತಲೇ ಅರ್ಥ. ಎರಡು ವರ್ಷ ಕದಲದ ಗಟ್ಟಿ ಗಂಟನ್ನು ನಾವು ನಿರುಪದ್ರವಿ ಎಂದು ಬಿಟ್ಟುಬಿಡುತ್ತೇವೆ. ಇನ್ನೊಂದು ಕಡೆ, ಮೂರೇ ವಾರದಲ್ಲಿ ದುಪ್ಪಟ್ಟಾದರೆ ಅದು ಹೆಚ್ಚಾಗಿ ಸೋಂಕು. ಕ್ಯಾನ್ಸರ್ ಅಷ್ಟು ಅವಸರದಲ್ಲಿ ಇರುವುದಿಲ್ಲ.

ಹಳೇ ಸ್ಕ್ಯಾನ್ ಇಲ್ಲದಿದ್ದರೆ ಈ ಸ್ಕ್ಯಾನೇ ಮುಂದಿನದಕ್ಕೆ ಹಳೆಯದು. ಎಷ್ಟು ದಿನ ಕಾಯಬೇಕು ಎನ್ನುವುದಕ್ಕೆ ನಾನು ಫ್ಲೈಷ್ನರ್ ಸೊಸೈಟಿ ಎನ್ನುವ, ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘದ 2017ರ ಸೂತ್ರ ಬಳಸುತ್ತೇನೆ. 35 ದಾಟಿದ, ಮೊದಲು ಕ್ಯಾನ್ಸರ್ ಆಗಿರದ, ರೋಗನಿರೋಧಕ ಶಕ್ತಿ ಸರಿಯಿರುವವರಿಗೆ ಮಾತ್ರ ಅದು. ಒಂದೇ ಗಟ್ಟಿ ಗಂಟು, 6 ಮಿ.ಮೀ.ಗಿಂತ ಚಿಕ್ಕದು, ಬೀಡಿ ಸಿಗರೇಟು ಇಲ್ಲ ಅಂದರೆ ಮತ್ತೆ ಸ್ಕ್ಯಾನೇ ಬೇಡ. ಅಪಾಯ ಹೆಚ್ಚಿರುವವರಾದರೆ ಒಂದು ವರ್ಷಕ್ಕೆ ಇನ್ನೊಂದು ಮಾಡಿಸಬಹುದು. 6ರಿಂದ 8 ಇದ್ದರೆ ಆರರಿಂದ ಹನ್ನೆರಡು ತಿಂಗಳಿಗೆ ಒಂದು, ಅಗತ್ಯ ಕಂಡರೆ ಒಂದೂವರೆ ಎರಡು ವರ್ಷಕ್ಕೆ ಇನ್ನೊಂದು. 8 ದಾಟಿದರೆ ಮೂರು ತಿಂಗಳಿಗೆ ಸ್ಕ್ಯಾನ್, ಅಥವಾ ಪೆಟ್ ಸ್ಕ್ಯಾನ್, ಅಥವಾ ಬಯಾಪ್ಸಿ. ಇದನ್ನು ಎದೆರೋಗ ತಜ್ಞರು ರೋಗಿಯನ್ನು ನೋಡಿ ತೀರ್ಮಾನಿಸುತ್ತಾರೆ.

“ಕಾಯೋದ್ಯಾಕೆ, ಸೂಜಿ ಹಾಕಿ ತೆಗೆದುಬಿಡಿ” ಅನ್ನುವವರೇ ಹೆಚ್ಚು. 5 ಮಿ.ಮೀ. ಗಂಟು ಉಸಿರಾಡಿದಾಗಲೆಲ್ಲ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಪಕ್ಕೆಲುಬಿನ ಸಂದಿಯಿಂದ ಸೂಜಿ ತೂರಿಸಿ ಅದಕ್ಕೇ ತಾಗಿಸುವುದು ಕಷ್ಟ. ತಾಗಿದರೂ ಸಿಕ್ಕ ಚೂರು ಸಾಲದೆ ಹೋಗಬಹುದು. ಮೇಲಾಗಿ ಸಿಟಿ ನೋಡಿಕೊಂಡು ಸೂಜಿ ಹಾಕಿದ ನೂರು ಜನರಲ್ಲಿ ಸುಮಾರು 15 ಜನರಿಗೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಬಹುಪಾಲು ಏನೂ ಅಲ್ಲದ ಗಂಟಿಗೆ ಇಷ್ಟು ಬೆಲೆ ಕೊಡಬೇಕಾ?

ಪೆಟ್ ಸ್ಕ್ಯಾನ್ ವಿಷಯ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. 8 ಮಿ.ಮೀ.ಗಿಂತ ಚಿಕ್ಕ ಗಂಟಿನಲ್ಲಿ ಅದನ್ನು ನಂಬಲಾಗದು. ದೊಡ್ಡ ಗಂಟಿನಲ್ಲೂ ನಮ್ಮ ದೇಶದಲ್ಲಿ ಒಂದು ತೊಡಕಿದೆ, ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರೇ. ಪೆಟ್ ನೋಡುವುದು ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತಿದೆ ಎನ್ನುವುದನ್ನು. ಕ್ಯಾನ್ಸರೂ ಸಕ್ಕರೆ ತಿನ್ನುತ್ತದೆ, ಟಿಬಿ ಗಂಟೂ ತಿನ್ನುತ್ತದೆ. ಎರಡೂ ಒಂದೇ ಥರ ಹೊಳೆಯುತ್ತವೆ. ಸಾಲ ಮಾಡಿ ಬೆಂಗಳೂರಿಗೆ ಹೋಗಿ ಪೆಟ್ ಮಾಡಿಸಿ, ‘ಹೊಳೆಯುತ್ತಿದೆ’ ಎಂಬ ಒಂದೇ ಸಾಲಿಗೆ ಮನೆಯವರೆಲ್ಲ ಅತ್ತು ಕೊನೆಗೆ ಟಿಬಿ ಎಂದು ತಿಳಿದವರನ್ನು ನೋಡಿದ್ದೇನೆ.

ಇದರ ಉಲ್ಟಾ ಕೂಡ ನಡೆಯುತ್ತದೆ. ಮೇಲಿನ ಭಾಗದಲ್ಲಿ ಗಂಟು ಕಂಡ ತಕ್ಷಣ, ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಟಿಬಿ ಮಾತ್ರೆ ಶುರು ಮಾಡುವುದು. ಅದು ಕ್ಯಾನ್ಸರ್ ಆಗಿದ್ದರೆ, ಆರು ತಿಂಗಳು ಮಾತ್ರೆ ನುಂಗಿದ ಮೇಲೆ ಗಂಟು ದೊಡ್ಡದಾಗಿಯೇ ಬರುತ್ತದೆ. ಸ್ಕ್ಯಾನಿನಲ್ಲಿ ಟಿಬಿಗೆ ತನ್ನದೇ ಚಹರೆ ಇದೆ. ಒಂದೇ ಗಂಟಿರುವುದು ಕಡಿಮೆ. ಸುತ್ತಮುತ್ತ ಪುಟ್ಟ ಪುಟ್ಟ ಚುಕ್ಕೆಗಳು, ಚಿಗುರೊಡೆದ ಕೊಂಬೆಯ ಹಾಗೆ ಗಾಳಿನಾಳದ ತುದಿಗಳು ತುಂಬಿಕೊಂಡಿರುತ್ತವೆ. ಹಾಗಿಲ್ಲದ ಒಂಟಿ ಗಂಟನ್ನು ಸಾಕ್ಷಿಯಿಲ್ಲದೆ ಟಿಬಿ ಅನ್ನಲು ನಾನು ಒಪ್ಪುವುದಿಲ್ಲ. ಚಿತ್ರದುರ್ಗದ ಕಡೆಯಿಂದ ಬರುವ ಕ್ರಷರ್ ಕೆಲಸದವರದ್ದು ಮತ್ತೊಂದು ಕತೆ. ಎರಡೂ ಕಡೆ ಮೇಲ್ಭಾಗದಲ್ಲಿ ಒಂದೇ ಸಮ ಹರಡಿದ ಸಣ್ಣ ಗಂಟುಗಳು, ಕಲ್ಲಿನ ದೂಳಿನದು, ಸಿಲಿಕೋಸಿಸ್. ಏನು ಕೆಲಸ ಮಾಡುತ್ತೀರಿ ಎಂದು ಕೇಳದಿದ್ದರೆ ಅದನ್ನೂ ಟಿಬಿ ಎಂದು ಬರೆದುಬಿಡುವ ಅಪಾಯ ಇದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಹೆಚ್ಚು ಎನ್ನುವುದು ಗೋಜಲಿನ ಮೇಲೆ ಗೋಜಲು.

ನಾನು ಹಗುರವಾಗಿ ತೆಗೆದುಕೊಳ್ಳದ ಗಂಟು ಒಂದಿದೆ. ಅದು ಗಟ್ಟಿಯಾಗಿರುವುದಿಲ್ಲ. ಮಂಜು ಕವಿದ ಗಾಜಿನಂತೆ ಮಸುಕು, ಒಳಗಿನ ರಕ್ತನಾಳವೂ ಕಾಣುತ್ತದೆ. ಗ್ರೌಂಡ್ ಗ್ಲಾಸ್ ಎನ್ನುತ್ತೇವೆ. ನೋಡಲು ಪಾಪದ್ದು. ಒಬ್ಬರು ಟೀಚರ್, ಐವತ್ತರ ಆಸುಪಾಸು, ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ. ಕೋವಿಡ್ ಸ್ಕ್ಯಾನಿನಲ್ಲಿ 9 ಮಿ.ಮೀ. ಮಸುಕು ಕಲೆ. ಕೋವಿಡ್ಡಿನದೇ ಇರಬೇಕು ಎಂದು ಎಲ್ಲರೂ ಅಂದುಕೊಳ್ಳುವಂಥದ್ದು. ಸೋಂಕಿನ ಕಲೆಯಾಗಿದ್ದರೆ ಕರಗಬೇಕು. ಆರು ತಿಂಗಳಿಗೆ ನೋಡಿದರೆ ಉಳಿದ ಕೋವಿಡ್ ಕಲೆಗಳೆಲ್ಲ ಹೋಗಿವೆ, ಇದೊಂದು ಹಾಗೇ ಕೂತಿದೆ. “ಬೆಳೆದಿಲ್ಲ ಅಲ್ವಾ ಸರ್, ಇನ್ನು ಬಿಡಬಹುದಲ್ವಾ?” ಎಂದು ಕೇಳಿದರು. ಬಿಡುವಂತಿಲ್ಲ ಮೇಡಂ ಅಂದೆ. ಗಟ್ಟಿ ಗಂಟಿಗೆ ಎರಡು ವರ್ಷ ಸಾಕು, ಇಂಥದಕ್ಕೆ ಐದು ವರ್ಷ ಬೇಕು. ಇದು ಕ್ಯಾನ್ಸರ್ ಆಗಿದ್ದರೂ ತುಂಬಾ ನಿಧಾನ. ಅಳತೆಗಿಂತ ಹೆಚ್ಚಾಗಿ, ನಡುವೆ ಗಟ್ಟಿ ಭಾಗ ಹುಟ್ಟುತ್ತದಾ ಎಂದು ನೋಡಬೇಕು. ಅವರು ತಪ್ಪದೆ ಬಂದರು. ಮುಂದಿನ ಒಂದು ಸ್ಕ್ಯಾನಿನಲ್ಲಿ ಮಸುಕಿನ ಮಧ್ಯೆ ಚಿಕ್ಕದೊಂದು ಬಿಳಿ ತಿರುಳು ಕಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮೊದಲ ಹಂತದ ಅಡಿನೋಕಾರ್ಸಿನೋಮಾ, ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ. ಕೀಮೋ ಬೇಕಾಗಲಿಲ್ಲ. ಸೇದದವರಿಗೂ, ಅದರಲ್ಲೂ ಹೆಂಗಸರಿಗೂ, ಹೆಚ್ಚಾಗಿ ಬರುವುದು ಈ ಜಾತಿಯದೇ.

ಈಗ ನನ್ನ ರಿಪೋರ್ಟಿನ ಕೊನೆಯ ಸಾಲನ್ನು ‘ಕ್ಲಿನಿಕಲಿ ಕೋರಿಲೇಟ್ ಮಾಡಿ’, ಅಂದರೆ ರೋಗಿಯನ್ನು ನೋಡಿದ ಡಾಕ್ಟರೇ ತಾಳೆ ಹಾಕಿಕೊಳ್ಳಲಿ, ಎಂದು ಮುಗಿಸುವುದಿಲ್ಲ. ಗಂಟು ಎಲ್ಲಿದೆ, ಗಟ್ಟಿಯೋ ಮಸುಕೋ, ಎಷ್ಟು ಮಿ.ಮೀ., ಎಷ್ಟನೇ ಚಿತ್ರದಲ್ಲಿದೆ, ಯಾವ ತಾರೀಖಿನ ಸ್ಕ್ಯಾನಿಗೆ ಹೋಲಿಸಿದೆ, ಮುಂದಿನದು ಎಷ್ಟು ತಿಂಗಳಿಗೆ ಅಥವಾ ಬೇಡವೇ ಬೇಡ, ಎಲ್ಲ ಬರೆಯುತ್ತೇನೆ. ಚಿತ್ರದ ಸಂಖ್ಯೆ ಬರೆದರೆ ಮುಂದೆ ನೋಡುವವರು ಬೇರೆ ಊರಿನ ಡಾಕ್ಟರಾದರೂ ನೇರ ಅಲ್ಲಿಗೇ ಹೋಗುತ್ತಾರೆ.

ಮತ್ತೆ ಸ್ಕ್ಯಾನ್ ಅಂದರೆ ರೇಡಿಯೇಷನ್ ಭಯ ಎಲ್ಲರಿಗೂ ಇದೆ. ಮಾಮೂಲಿ ಎದೆಯ ಸಿಟಿಯಲ್ಲಿ 5ರಿಂದ 7 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯುವ ಮಾನ) ಬೀಳುತ್ತದೆ, ಕಡಿಮೆ ಡೋಸಿನದರಲ್ಲಿ ಒಂದೂವರೆಯ ಹತ್ತಿರ. ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ನಮ್ಮ ಮೇಲೆ ಸುಮ್ನೆ ಬೀಳುವುದು ಸುಮಾರು 2ರಿಂದ 3. ಗಂಟನ್ನು ಗಮನಿಸಲು ಕಡಿಮೆ ಡೋಸಿನದೇ ಸಾಕು, ಚಿತ್ರ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ನೂ ಬೇಡ. ಸ್ಕ್ಯಾನ್ ಸೆಂಟರಿನಲ್ಲಿ ಇದನ್ನು ಬಾಯಿಬಿಟ್ಟು ಕೇಳಿ, ಹಳೇ ಸಿಡಿಯನ್ನು ಕೌಂಟರಿನಲ್ಲೇ ಕೊಡಿ. ಸಾಧ್ಯವಾದರೆ ಮೊದಲು ಮಾಡಿಸಿದ ಸೆಂಟರಿಗೇ ಹೋಗಿ, ಹೋಲಿಸಲು ಸುಲಭ. ಬರುವಾಗ ದೊಡ್ಡ ಕವರಿನ ಫಿಲ್ಮ್ ಮರೆತರೂ ಪರವಾಗಿಲ್ಲ, ಸಿಡಿ ಮಾತ್ರ ಕೇಳಿ ಇಸ್ಕೊಳ್ಳಿ. ಫಿಲ್ಮಿನಲ್ಲಿ ಅಚ್ಚಾಗಿರುವುದು ಆರಿಸಿದ ಕೆಲವೇ ಚಿತ್ರ. ನಿಮ್ಮ 5 ಮಿ.ಮೀ. ಗಂಟು ಅದರಲ್ಲಿ ಇಲ್ಲದೆಯೂ ಇರಬಹುದು.